ಮಾಳವ್ವನ ಬೆರಳು

ಬಿದಿರಿನ ಒಡಲಲ್ಲಿ ಬಯಲನ್ನಿಟ್ಟ ಸ್ವಾಮಿಗೆ ಶರಣು. ಮಣ್ಣಿನ ಈ ಗೊಂಬೆಗೆ ಮೂಗು ಕೊರೆದು, ಗಾಳಿಗೆ ಹೋಗು ಬಾ ಎಂದು ದಾರಿ ತೋರಿಸಿದ ಗುಡ್ಡದ ಮಲ್ಲಯ್ಯನಿಗೆ ಶರಣು. ಹೇಳುವ ನಾಲಿಗೆಯ ಮೇಲೂ ಕೇಳುವ ಕಿವಿಯ ಒಳಗೂ ಅವನೇ ಕೂತಿರಲಿ. ತಪ್ಪಿದ್ದು ನಮ್ಮದು, ಒಪ್ಪಿದ್ದು ಅವನದು.

ಬಹಳ ಹಿಂದೆ, ಮರಡಿಪುರ ಅಂತ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ, ಹಾಗೆ ಕೇಳಿದಾಗ ನಮ್ಮಜ್ಜನೂ ಸುಮ್ಮನೆ ಆಕಾಶ ನೋಡುತ್ತಿದ್ದ. ಊರ ಹಿಂದೆ ಮಲ್ಲಯ್ಯನ ಗುಡ್ಡ, ಊರ ಮುಂದೆ ಕೆರೆ, ಕೆರೆ ಏರಿಯ ಕೆಳಗೆ ಬಿದಿರ ಮೆಳೆ. ಆ ಮೆಳೆಯ ಪಕ್ಕದ ಒಂದಂಕಣದ ಮನೆಯಲ್ಲಿ ಮೇದರ ಮಾಳವ್ವ ಎಂಬ ಹೆಣ್ಣುಮಗಳಿದ್ದಳಂತೆ.

ಮಾಳವ್ವನ ಕೈ ಅಂದರೆ ಕೈ. ಅವಳು ಹೆಣೆದ ಮೊರದಿಂದ ಒಂದು ರಾಗಿಕಾಳು ಸೋರುತ್ತಿರಲಿಲ್ಲವಂತೆ. ಅವಳು ತಾನೇ ಹೆಣೆದ ಬುಟ್ಟಿಯಲ್ಲಿ ಕೆರೆಯ ನೀರು ತುಂಬಿಕೊಂಡು ಗುಡ್ಡ ಹತ್ತಿ ಮಲ್ಲಯ್ಯನ ತಲೆಗೆ ಎರೆದಳು, ದಾರಿಯಲ್ಲಿ ಒಂದು ಹನಿ ಬೀಳಲಿಲ್ಲ ಅಂತಾರೆ. ಎರಡು ಹನಿ ಬಿತ್ತು ಅನ್ನುವವರೂ ಇದ್ದಾರೆ, ಅವರ ಮಾತು ಅವರಿಗಿರಲಿ. ಹೆಣಿಗೆಯಲ್ಲಿ ಸಂದು ಬಿಟ್ಟರೆ ಅದು ಮೇದರ ಕೈಯೇ ಅಲ್ಲ ಅನ್ನುವುದು ಅವಳ ಬಿಗುಮಾನ. ಈ ಬಿಗುಮಾನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವಳಿಗೆ ಒಬ್ಬನೇ ತಮ್ಮ, ತಿಪ್ಪಯ್ಯ. ಹುಟ್ಟಿದಾಗಿನಿಂದ ಗೂರಲು ಅವನ ಎದೆಯಲ್ಲಿ ಮನೆ ಮಾಡಿತ್ತು. ನಾಲ್ಕು ಹೆಜ್ಜೆ ಓಡಿದರೆ ಎದೆ ಪೀಪಿಯ ಹಾಗೆ ಕೂಗುತ್ತಿತ್ತು. ಅವ್ವ ಸಾಯುವಾಗ ಅವನ ಕೈಯನ್ನು ಮಾಳವ್ವನ ಕೈಯಲ್ಲಿಟ್ಟು, ಇವನ ಉಸಿರು ನಿನ್ನ ಕೈಯಲ್ಲಿದೆ ಮಗಳೇ ಎಂದು ಹೇಳಿ ಕಣ್ಣು ಮುಚ್ಚಿದಳಂತೆ. ಅಂದಿನಿಂದ ಮಾಳವ್ವ ಬಿದಿರು ಸೀಳುವಾಗಲೂ ಒಂದು ಕಿವಿಯನ್ನು ತಮ್ಮನ ಎದೆಯ ಮೇಲಿಟ್ಟೇ ಸೀಳುತ್ತಿದ್ದಳು. ತಮ್ಮ ಬೆಳೆದ, ಮೀಸೆ ಬಂತು, ಅಕ್ಕನ ಕಿವಿ ಮಾತ್ರ ಅಲ್ಲಿಂದ ಏಳಲಿಲ್ಲ.

ಆ ಊರಲ್ಲೊಂದು ಬಯಲಾಟದ ಮೇಳವಿತ್ತು. ತಿಪ್ಪಯ್ಯನಿಗೆ ಜೀವಮಾನದಲ್ಲಿ ಒಂದೇ ಆಸೆ, ಒಂದು ಸಲ ವೇಷ ಕಟ್ಟಿ ನಿಲ್ಲಬೇಕು. ಆದರೆ ಮೇಳದ ಭುಜಕೀರ್ತಿ, ಎದೆಕಟ್ಟು ಎಲ್ಲ ಮರದವು. ಹೊತ್ತರೆ ಗಟ್ಟಿಮುಟ್ಟಾದವರೂ ಏದುಸಿರು ಬಿಡುತ್ತಿದ್ದರು. ಗೂರಲಿನವನಿಗೆ ಅದನ್ನು ಕಟ್ಟುವವರು ಯಾರು? ಅವನಿಗೆ ಸಿಕ್ಕಿದ್ದು ಪಂಜಿಗೆ ಎಣ್ಣೆ ಎರೆಯುವ ಕೆಲಸ. ಪಂಜಿನ ಹೊಗೆಗೆ ಕೆಮ್ಮುತ್ತಾ, ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡು, ಅವನು ಅಲ್ಲಿಯೇ ಹರೆಯ ಕಳೆದ.

ಹೀಗಿರುವಾಗ ಮೇಳದ ರುದ್ರಯ್ಯ ಭಾಗವತರು ಒಂದು ಹೊಸ ಕಥೆ ಕಟ್ಟಿದರಂತೆ. ಅದು ಆಗಿಹೋದ ಯುಗದ ಕಥೆಯಲ್ಲ, ಇನ್ನೂ ಬರಬೇಕಾದ ಯುಗದ್ದು. ಗಾಳಿಯೇ ಇಲ್ಲದ ಒಂದು ನಕ್ಷತ್ರದಿಂದ ಒಬ್ಬ ವೀರ ಭೂಮಿಗೆ ಇಳಿದು ಬರುತ್ತಾನೆ. ಇಲ್ಲಿಯ ಗಾಳಿಯನ್ನೆಲ್ಲ ಚೀಲದಲ್ಲಿ ತುಂಬಿ ಒಯ್ಯಬೇಕು ಎಂದು ಬಂದವನು, ಒಂದೇ ಒಂದು ಉಸಿರು ಎಳೆದುಕೊಂಡು ಮನಸ್ಸು ಕರಗಿ, ಆಯುಧ ಕೆಳಗಿಟ್ಟು, ‘ನಿಮ್ಮೂರ ಗಾಳಿ ಸಿಹಿಯಾಗಿದೆ’ ಎಂದು ಹೇಳಿ ಹೊರಟುಹೋಗುತ್ತಾನೆ. ಆ ವೀರನಿಗೆ ಇರುವುದು ಅದೊಂದೇ ಮಾತು.

ಮೇಳದವರು ಬಿದ್ದು ಬಿದ್ದು ನಕ್ಕರಂತೆ. ಹಳೇ ರಾಜರೆಲ್ಲ ತೀರಿಕೊಂಡರಾ ಭಾಗವತರೇ ಎಂದು ಒಬ್ಬ ಕೇಳಿದ. ಒಂದು ಮಾತಿಗೋಸ್ಕರ ಮುಖಕ್ಕೆ ಬಣ್ಣ ಬಳಿದುಕೊಳ್ಳಲಾ ಎಂದು ಇನ್ನೊಬ್ಬ ಎದ್ದುಹೋದ. ಅಷ್ಟೇ ಅಲ್ಲ, ಇನ್ನೂ ಹುಟ್ಟದ ಕಾಲದವನು, ನಕ್ಷತ್ರದಿಂದ ಬಂದವನು ಏನು ತೊಟ್ಟಿರುತ್ತಾನೆ ಎಂದು ಯಾರಿಗೆ ಗೊತ್ತು? ಮೇಳದ ಪೆಟ್ಟಿಗೆಯಲ್ಲಿ ಅಂಥ ವೇಷ ಎಲ್ಲಿಂದ ಬರಬೇಕು? ಆಗ ಭಾಗವತರು, ಯಾರು ಆ ಕವಚವನ್ನು ಮಾಡಿ ತೊಟ್ಟು ಬರುತ್ತಾರೋ ವೇಷ ಅವರದು, ಯುಗಾದಿಯ ಚಂದ್ರನನ್ನು ನೋಡುವ ಸಂಜೆ ಕೆರೆಯಂಗಳದಲ್ಲಿ ಆಟ ಎಂದುಬಿಟ್ಟರು. ಎಣ್ಣೆಯ ಗಿಂಡಿ ಹಿಡಿದು ಮೂಲೆಯಲ್ಲಿದ್ದ ತಿಪ್ಪಯ್ಯ, ನಾನು ತೊಡುತ್ತೇನೆ ಎಂದ. ಮತ್ತೆ ನಗು. ಭಾಗವತರು ಮಾತ್ರ ನಗಲಿಲ್ಲವಂತೆ.

ಮಾಳವ್ವ ಇದನ್ನು ಕೇಳಿದ ಕೂಡಲೇ ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟಳು. ಬೇಡವೇ ಬೇಡ ಎಂದಳು.

“ಅಕ್ಕಾ, ಹುಟ್ಟಿದಾಗಿಂದ ಈ ಊರು ನಾನು ಕೆಮ್ಮೋದನ್ನೇ ನೋಡೈತೆ. ಒಂದ್ಸಲ ನಾನು ನಿಂತಿರೋದನ್ನ ನೋಡ್ಲಿ.”

“ನಿಂತೋನು ಬಿದ್ರೆ?”

“ಬಿದ್ರೆ ನೀನಿದ್ದೀಯಲ್ಲ.”

ಮಾರನೆಯ ದಿನ ಮಾಳವ್ವ ಮೆಳೆಗೆ ಹೋಗಿ, ಬಿದಿರಿಗೆ ಕೈಮುಗಿದು, ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಏಳು ಗಳ ಕಡಿದು ತಂದಳು. ಮರ ಭಾರವಾದರೆ ಬಿದಿರಿದೆಯಲ್ಲ, ಬಿದಿರು ಒಳಗೆ ಬರೀ ಬಯಲು.

ಅಳತೆಗೆ ಅವಳು ಮಲ್ಲಯ್ಯನ ಪಟದ ಮುಂದೆ ತಮ್ಮನನ್ನು ನಿಲ್ಲಿಸಿ ಎದೆಗೆ ನೂಲು ಸುತ್ತಿದಳು. ತಿಪ್ಪಯ್ಯನಿಗೆ ಹೆದರಿಕೆ, ಎಲ್ಲಿ ಎದೆ ಕೂಗಿಬಿಟ್ಟರೆ ಅಕ್ಕ ಮನಸ್ಸು ಬದಲಿಸುತ್ತಾಳೋ ಎಂದು. ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಎದೆ ಒಳಗೆಳೆದುಕೊಂಡು, ಕಲ್ಲಿನ ಹಾಗೆ ನಿಂತ. ಅಕ್ಕನೋ, ಕಾಳು ಸೋರದ ಮೊರ ಹೆಣೆದ ಕೈಯವಳು, ನೂಲನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು. ಆ ಗಂಟಿನಲ್ಲಿ ಇಬ್ಬರ ತಪ್ಪೂ ಸೇರಿಕೊಂಡಿತ್ತು. ಇಬ್ಬರಿಗೂ ಗೊತ್ತಾಗಲಿಲ್ಲ, ಪಟದಲ್ಲಿದ್ದವನಿಗೆ ಗೊತ್ತಿತ್ತು.

ತೆಳ್ಳಗೆ ಸೀಳಿದ ದಬ್ಬೆಯಲ್ಲಿ ಎದೆ ಹೆಣೆದಳು, ಬೆನ್ನು ಹೆಣೆದಳು, ತೋಳು, ತೊಡೆ, ಮೊಣಕಾಲು ಹೆಣೆದಳು. ಹುಣಸೆಬೀಜ ಅರೆದು ಕಾಯಿಸಿದ ಅಂಟಿನಲ್ಲಿ ಹಳೆಯ ಸೀರೆಯ ಚೂರುಗಳನ್ನು ಅದ್ದಿ ಒಂದರ ಮೇಲೊಂದು ಮೆತ್ತಿದಳು. ಒಣಗಿದ ಮೇಲೆ ತಟ್ಟಿದರೆ ತಮಟೆಯ ಹಾಗೆ ಸದ್ದು. ದೊಡ್ಡದೊಂದು ಸೋರೆಬುರುಡೆ ಕೊರೆದು ಶಿರಸ್ತ್ರಾಣ ಮಾಡಿದಳು. ಅಂಗಳದಲ್ಲಿ ಇದೆಲ್ಲ ಒಣಗುತ್ತಿರುವಾಗ ಪಕ್ಕದ ಮನೆಯ ಈರಕ್ಕ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು.

“ಏನೇ ಮಾಳಿ, ತಮ್ಮನ್ನ ಕೋಳಿ ಮಾಡ್ಬುಟ್ಟು ಪಂಜರ ಹೆಣೀತಿದ್ದೀಯಾ? ಮೊಟ್ಟೆ ಇಟ್ರೆ ನಮಗೂ ಎರಡು ಕೊಡವ್ವ.”

“ಮೊದ್ಲ ಮೊಟ್ಟೆ ನಿನ್ನ ತಲೆ ಮೇಲೇ ಒಡೀತೀನಿ, ಬಾರಕ್ಕ.”

ಭುಜದ ತುಂಡು ಕಟ್ಟಿದ ದಿನ ತಿಪ್ಪಯ್ಯ ಬಾಗಿಲಲ್ಲಿ ಹಿಡಿಸಲಿಲ್ಲ. ನಕ್ಷತ್ರದ ವೀರ ಏಡಿಯ ಹಾಗೆ ಅಡ್ಡಡ್ಡ ನಡೆದು ಹೊರಗೆ ಬಂದ. ಮೊಣಕಾಲಿನದು ಕಟ್ಟಿದ ದಿನ ಹೊಸ್ತಿಲು ದಾಟಲಾಗದೆ ಅಲ್ಲೇ ನಿಂತ. ಈರಕ್ಕ ಕೊಡ ಇಳಿಸಿ ನಕ್ಕಳು. ಮಾಳವ್ವ ಬಿಚ್ಚಿದಳು, ಹೆಣೆದಳು, ಮತ್ತೆ ಬಿಚ್ಚಿದಳು.

ಕಡೆಗೆ ಹೊಳಪು ಬೇಕಲ್ಲ. ಮಲ್ಲಯ್ಯನ ಗುಡ್ಡದಲ್ಲಿ ಕಾಗೆ ಬಂಗಾರ ಸಿಗುತ್ತದೆ, ಪದರಪದರವಾಗಿ ಏಳುವ ಹೊಳೆಯುವ ಕಲ್ಲು, ಯಾರೂ ಮುಟ್ಟಿನೋಡದ್ದು. ಮಾಳವ್ವ ಅದನ್ನು ಸೆರಗಿನಲ್ಲಿ ತುಂಬಿ ತಂದು, ಉಗುರಿನಲ್ಲಿ ಪದರ ಬಿಡಿಸಿ, ಒಂದೊಂದಾಗಿ ಅಂಟಿಸಿದಳು. ಒಂದೊಂದಕ್ಕೂ ಮಲ್ಲಯ್ಯಾ ಮಲ್ಲಯ್ಯಾ ಅಂದಳಂತೆ.

ಯುಗಾದಿಗೆ ಎಂಟು ದಿನ ಇರುವಾಗ ಪೂರ್ತಿ ಕವಚ ತೊಡಿಸಿ ನೋಡಿದಳು. ತಿಪ್ಪಯ್ಯ ಅಂಗಳದ ಬಿಸಿಲಿಗೆ ಬಂದು ನಿಂತ. ಕೆರೆಯ ಮೇಲಿನ ಬೆಳಕು ಎದ್ದು ಬಂದು ಅವನ ಮೈ ಹತ್ತಿದ ಹಾಗಿತ್ತು. ಈರಕ್ಕ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಮಾಳವ್ವ ಸುತ್ತ ಬಂದು ನೋಡಿದಳು, ಒಂದು ಸಂದಿಲ್ಲ, ಒಂದು ಬಿರುಕಿಲ್ಲ. ಅವಳ ಮುಖದಲ್ಲಿ ನಗು ಮೂಡಿತು. ಆ ಹೊತ್ತಿನಲ್ಲಿ ಮಾತ್ರ, ಅದೊಂದೇ ಹೊತ್ತಿನಲ್ಲಿ, ಅವಳ ಕಿವಿ ತಮ್ಮನ ಎದೆಯ ಮೇಲಿರಲಿಲ್ಲ.

ಒಳಗೆ ತಿಪ್ಪಯ್ಯನ ಉಸಿರಿಗೆ ಜಾಗವಿರಲಿಲ್ಲ. ಎಳೆದುಕೊಳ್ಳಲು ಹೋದರೆ ಬಿದಿರು ತಡೆಯಿತು. ಹೇಳಿದರೆ ವೇಷ ಕೈತಪ್ಪುತ್ತದೆ ಎಂದು ಅವನು ಹೇಳಲಿಲ್ಲ. ನಿಂತೇ ಇದ್ದ. ನಿಂತೇ ಇದ್ದು, ಬೇರು ಕಡಿದ ಬಾಳೆಯ ಹಾಗೆ ಬಿದ್ದ.

ಮಾಳವ್ವ ಬಿದಿರು ಸೀಳುವ ಕತ್ತಿ ತಂದಳು. ಎರಡು ತಿಂಗಳ ಕೆಲಸ, ಜೀವಮಾನದಲ್ಲೇ ಅವಳು ಮಾಡಿದ್ದರಲ್ಲಿ ಚೆಂದದ್ದು. ಕಣ್ಣು ಮಿಟುಕಿಸದೆ ಕೊರಳಿನಿಂದ ಹೊಟ್ಟೆಯವರೆಗೆ ಸೀಳಿದಳು. ಬಿದಿರು ಚಟಚಟನೆ ಬಿರಿಯಿತು. ಬಹಳ ಹೊತ್ತಿನ ಮೇಲೆ ತಿಪ್ಪಯ್ಯನ ಎದೆ ಕೂಗಿತು. ಆ ಕೂಗು ಕೇಳಿ ಅವಳು ಮಲ್ಲಯ್ಯನಿಗೆ ಕೈಮುಗಿದ ಹಾಗೆ ಯಾರೂ ಯಾವ ಶಂಖ ಕೇಳಿಯೂ ಕೈಮುಗಿದಿಲ್ಲ ಅಂತಾರೆ. ತಮ್ಮ ಕಣ್ಣು ಬಿಟ್ಟ ಮೇಲೆ, ಇನ್ನು ಈ ಮನೆಯಲ್ಲಿ ಕವಚದ ಮಾತಿಲ್ಲ ಎಂದು ಹೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮಾರನೆಯ ದಿನ ನಡುಮಧ್ಯಾಹ್ನ ಮಾಳವ್ವ ಮೆಳೆಯ ನೆರಳಿನಲ್ಲಿ ಕೂತಿದ್ದಳು. ಬಿದಿರೆಲೆಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತಿದ್ದವು. ಕಣ್ಣು ಮುಚ್ಚಿತೋ ತೆರೆದೇ ಇತ್ತೋ ಅವಳಿಗೂ ಗೊತ್ತಿಲ್ಲ. ಕಂಬಳಿ ಹೊದ್ದ ಒಬ್ಬ ಮುದುಕ ಬಂದ. ಅಂಗೈಯಲ್ಲಿ ಒಂದು ಗೌಜಲಹಕ್ಕಿ. ಇದಕ್ಕೊಂದು ಬುಟ್ಟಿ ಹೆಣೆದುಕೊಡು ತಾಯಿ ಎಂದ. ಅವಳು ಹಕ್ಕಿಯ ಮೈಯನ್ನು ಬೆರಳಲ್ಲಿ ಅಳೆದು, ಹಕ್ಕಿಗೆ ಸರಿಯಾಗಿ, ಒಂದು ಸಂದೂ ಇಲ್ಲದ ಹಾಗೆ ಹೆಣೆದುಕೊಟ್ಟಳು. ಮುದುಕ ಹಕ್ಕಿಯನ್ನು ಒಳಗಿಟ್ಟ. ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, “ಹಕ್ಕಿಯನ್ನೇನೋ ಇಟ್ಟೆ ತಾಯಿ. ಅದರ ಉಸಿರನ್ನ ಎಲ್ಲಿಡ್ಲಿ?” ಎಂದು ಕೇಳಿದನಂತೆ.

ಕಣ್ಣು ಬಿಟ್ಟರೆ ಮುದುಕನೂ ಇಲ್ಲ, ಹಕ್ಕಿಯೂ ಇಲ್ಲ. ಅವಳ ಮಡಿಲಲ್ಲಿ ಒಂದು ಪುಕ್ಕ ಇತ್ತು ಅಂತಾರೆ. ಗುಡ್ಡದಿಂದ ಇಳಿದು ಬಂದವನು ಯಾರು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಮಾಳವ್ವ ಮನೆಗೆ ಓಡಿದಳು. ಸೀಳಿದ ಕವಚವನ್ನು ಅವಳು ಹೊಲಿಯಲಿಲ್ಲ, ಇನ್ನಷ್ಟು ಸೀಳಿದಳು. ಅಂಗೈಯಗಲದ ಬಿಲ್ಲೆ ಬಿಲ್ಲೆ ಮಾಡಿದಳು. ಮೀನಿನ ಮೈಯ ಹಾಗೆ ಒಂದರ ಮೇಲೊಂದು ಒರಗಿಸಿ, ಪುಂಡಿನಾರಿನಲ್ಲಿ ಸಡಿಲವಾಗಿ ಕಟ್ಟುತ್ತಾ ಬಂದಳು. ತಮ್ಮನನ್ನು ಎಬ್ಬಿಸಿ ನಿಲ್ಲಿಸಿ, “ಎದೆ ತುಂಬ ಎಳ್ಕೋ. ಕೂಗಿದ್ರೆ ಕೂಗ್ಲಿ, ನಂಗೆ ಕೇಳ್ಬೇಕು” ಎಂದಳು. ಅವನು ಎಳೆದುಕೊಂಡ. ಎದೆ ಕೂಗಿತು. ಆ ತುಂಬಿದ ಎದೆಗೂ ಬಿದಿರಿಗೂ ನಡುವೆ ತನ್ನದೊಂದು ಬೆರಳಿಟ್ಟು ಗಂಟು ಹಾಕಿದಳು. ಪ್ರತಿ ಗಂಟಿಗೂ ಒಂದು ಬೆರಳು. ಸಂದು ಬಿಟ್ಟರೆ ಮೇದರ ಕೈಯೇ ಅಲ್ಲ ಎನ್ನುತ್ತಿದ್ದವಳು ನೂರಾ ಒಂದು ಸಂದು ಬಿಟ್ಟಳು. ಮೊದಲನೆಯದನ್ನು ಬಿಡುವಾಗ ಅತ್ತಳಂತೆ. ಕಡೆಯದನ್ನು ಬಿಡುವಾಗ ಹಾಡುತ್ತಿದ್ದಳಂತೆ.

ಯುಗಾದಿಯ ಚಂದ್ರನನ್ನು ನೋಡುವ ಸಂಜೆ ಬಂತು. ಊರೆಲ್ಲ ಕೆರೆಯಂಗಳದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಉಗುರಿನಷ್ಟು ಚಂದ್ರ ಕಂಡ, ಜನ ಕೈಮುಗಿದರು. ಅದೇ ಹೊತ್ತಿಗೆ ಮದ್ದಳೆ ನುಡಿಯಿತು, ಪಡುವಣ ದಿಕ್ಕಿನಿಂದಲೇ ತಿಪ್ಪಯ್ಯ ನಡೆದು ಬಂದ. ಮಾಳವ್ವ ಜನರ ಮುಂದೆ ಕೂತಿದ್ದಳು. ಸೆರಗಿನ ಕೆಳಗೆ ಕೈಯಲ್ಲಿ ಕತ್ತಿ ಹಿಡಿದಿದ್ದಳು.

ಪಂಜಿನ ಹೊಗೆ ಎದ್ದಿತು. ತಿಪ್ಪಯ್ಯನ ಎದೆ ಹಿಡಿಯಿತು. ಭಾಗವತರು ಪದ ಹಾಡಿ ಅವನ ಮಾತಿಗೆ ಕಾದರು. ಮಾತು ಬರಲಿಲ್ಲ. ಮತ್ತೊಮ್ಮೆ ಹಾಡಿದರು. ಬರಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಮಾಳವ್ವ ಅರ್ಧ ಎದ್ದಳು.

ಆಗ ತಿಪ್ಪಯ್ಯ ಉಸಿರು ಎಳೆದುಕೊಂಡ. ಎಳೆದುಕೊಂಡ ಹಾಗೆ ಹೊಟ್ಟೆಯ ಮೇಲಿನ ಬಿಲ್ಲೆಗಳು ತೆರೆದವು, ಎದೆಯ ಬಿಲ್ಲೆಗಳು ತೆರೆದವು, ಭುಜದವು ತೆರೆದವು. ಒಂದೊಂದರ ಮೇಲಿನ ಕಾಗೆ ಬಂಗಾರವೂ ಒಂದೊಂದು ಕಡೆ ತಿರುಗಿ ಮಿನುಗಿತು. ಬಿಟ್ಟಾಗ ಬೆಳಕು ಕೆಳಗಿಳಿಯಿತು. ಎಳೆದಾಗ ಮೇಲೇರಿತು. ಜನ ತಲೆಯೆತ್ತಿ ಆಕಾಶ ನೋಡಿದರು, ಅಲ್ಲಿಯ ಮೊದಲ ನಕ್ಷತ್ರವೂ ಹಾಗೆಯೇ ಮಿನುಗುತ್ತಿತ್ತು. ನಕ್ಷತ್ರ ಮಿನುಗುವುದು ಅಂದರೆ ಉಸಿರಾಡುವುದು ಎಂದು ಅಂದು ಮರಡಿಪುರಕ್ಕೆ ತಿಳಿಯಿತು. ಮದ್ದಳೆಯವನು ತನ್ನ ತಾಳ ಬಿಟ್ಟು ಆ ಉಸಿರಿನ ತಾಳಕ್ಕೆ ಇಳಿದ. ಉಸಿರಿಗೆ ಅವಸರ ಇರಲಿಲ್ಲ. ಅದಕ್ಕೆ ಜಾಗವಿತ್ತು.

ಮೂರನೆಯ ಸಲ ಭಾಗವತರು ಹಾಡಿದರು. ತಿಪ್ಪಯ್ಯ ಆಯುಧ ಕೆಳಗಿಟ್ಟ. ಅಕ್ಕನ ಕಡೆ ನೋಡಿದ.

“ನಿಮ್ಮೂರ ಗಾಳಿ ಸಿಹಿಯಾಗಿದೆ.”

ಹುಟ್ಟಿದಾಗಿನಿಂದ ಗಾಳಿಗೆ ಹಸಿದವನ ಬಾಯಿಂದ ಆ ಮಾತು ಬಂತು. ಈರಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಡೀ ಕೆರೆಯಂಗಳ ಒಟ್ಟಿಗೆ ಒಂದು ಉಸಿರು ಎಳೆದುಕೊಂಡಿತಂತೆ, ಏರಿಯ ಕೆಳಗಿನ ಬಿದಿರ ಮೆಳೆ ಕೊಳಲಿನ ಹಾಗೆ ನುಡಿಯಿತಂತೆ. ಮಾಳವ್ವ ಕತ್ತಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟಳು.

ತಿಪ್ಪಯ್ಯ ಆ ಕವಚದಲ್ಲೇ ನಕ್ಷತ್ರಕ್ಕೆ ಏರಿಹೋದ ಅನ್ನುವವರಿದ್ದಾರೆ. ಗೂರಲು ಅಂದೇ ಬಿಟ್ಟುಹೋಯಿತು ಅನ್ನುವವರೂ ಇದ್ದಾರೆ. ನಮ್ಮಜ್ಜ ಹೇಳಿದ್ದು ಬೇರೆ. ಗೂರಲು ಇತ್ತಂತೆ, ಅವನೂ ಇದ್ದನಂತೆ, ಪ್ರತಿ ಯುಗಾದಿಗೂ ಆ ಒಂದು ಮಾತು ಹೇಳಿ, ತಲೆ ಹಣ್ಣಾಗುವವರೆಗೆ ಅಕ್ಕನ ಜೊತೆ ಬುಟ್ಟಿ ಹೆಣೆದನಂತೆ. ನನಗೆ ಇದೇ ದೊಡ್ಡ ಪವಾಡ ಅನ್ನಿಸುತ್ತದೆ.

ಇಂದಿಗೂ ಆ ಸೀಮೆಯಲ್ಲಿ ಮದುವೆಯ ಹುಡುಗಿಗೆ ರವಿಕೆಯ ಅಳತೆ ತೆಗೆಯುವಾಗ, ಎದೆ ತುಂಬ ಉಸಿರು ಎಳೆದುಕೋ ತಾಯಿ ಅನ್ನುತ್ತಾರೆ. ಎಳೆದುಕೊಂಡ ಮೇಲೆ ಟೇಪಿನ ಒಳಗೆ ಒಂದು ಬೆರಳು ತೂರಿಸಿ, ಇದು ಮಾಳವ್ವನ ಬೆರಳು ಅನ್ನುತ್ತಾರೆ. ಕೂಸಿಗೆ ಉಡಿದಾರ ಕಟ್ಟುವಾಗ ಒಂದು ಬೆರಳು, ಎತ್ತಿಗೆ ಕೊರಳಹಗ್ಗ ಕಟ್ಟುವಾಗ ಒಂದು ಬೆರಳು. ಸತ್ತವರಿಗೆ ಬಟ್ಟೆ ಸುತ್ತುವಾಗಲೂ ಬಿಡುತ್ತಾರೆ. ಉಸಿರು ನಿಂತವರಿಗೆ ಯಾಕೆ ಎಂದು ಕೇಳಿದರೆ, “ಮಲ್ಲಯ್ಯನ ಹತ್ರ ಹೋದ್ಮೇಲೆ ಬೇಕಾಗ್ಬೋದು, ಯಾರಿಗ್ಗೊತ್ತು” ಅನ್ನುತ್ತಾರೆ.

ಕೇಳಿದ ನಿಮಗೂ ಹಾಗೆಯೇ ಆಗಲಿ. ತೊಡುವ ಬಟ್ಟೆಯಲ್ಲಿ, ಇರುವ ಮನೆಯಲ್ಲಿ, ಕಟ್ಟಿಕೊಂಡ ನಂಟಿನಲ್ಲಿ ನಿಮ್ಮ ಉಸಿರಿಗೊಂದು ಬೆರಳಿನಷ್ಟು ಜಾಗ ಇರಲಿ. ಆ ಜಾಗದಲ್ಲಿ ಮಲ್ಲಯ್ಯ ಬಂದು ಕೂರಲಿ. ನೀವು ಎಳೆದುಕೊಂಡ ಗಾಳಿಯೆಲ್ಲ ಸಿಹಿಯಾಗಲಿ.