ಬುತ್ತಿಯಲ್ಲಿ ಯಾವ ಸಿಗಡಿ?

ಹಮ್ಮಣ್ಣ ನಾಯಕರ ಸಿಗಡಿ ಹೊಂಡದಲ್ಲಿ ಒಂದು ಬಲೆಯ ತಟ್ಟೆಯಿತ್ತು. ಸಿಗಡಿಗಳು ಮೇವು ತಿಂದವೋ ಇಲ್ಲವೋ ಎಂದು ನೋಡಲು ಅವರು ದಿನವೂ ಅದರಲ್ಲಿ ಮೇವಿಟ್ಟು ನೀರಿಗೆ ಇಳಿಸಿ, ಮತ್ತೆ ಎತ್ತುತ್ತಿದ್ದರು.

"ನಾಳೆಯ ಮೇವಿಗೂ ಆಂಟಿಬಯಾಟಿಕ್ ಬೆರೆಸುತ್ತಾರೆ," ಎಂದಿತು ತಟ್ಟೆ.

"ನಮಗೇನು ರೋಗ?" ಎಂದು ಕೇಳಿತು ಒಂದು ಸಿಗಡಿ.

"ರೋಗ ಬಾರದಿರಲಿ ಎಂದು."

"ಹಾಗಾದರೆ ಈ ಕೊಳೆತ ನೀರು ಬದಲಿಸಲಿ."

"ಮದ್ದೇ ಸುಲಭ. ಒಡೆಯರಿಗೆ ನಿಮ್ಮ ಮೇಲೆ ಬಹಳ ಪ್ರೀತಿ."

"ನೀನು ದಿನಾ ಮೇಲೆ ಹೋಗಿ ಬರುತ್ತೀಯಲ್ಲ. ಅವರ ಬುತ್ತಿಯಲ್ಲಿ ಯಾವ ಸಿಗಡಿಯಿದೆ, ನೋಡಿ ಹೇಳು."

ಮರುದಿನ ತಟ್ಟೆ ಮದ್ದಿನ ಮೇವು ಹೊತ್ತು ಇಳಿಯಿತು.

"ಹೊಳೆಯ ಸಿಗಡಿ," ಎಂದಿತು. "ಹೊಂಡದ್ದರ ಮೈಯಲ್ಲಿ ಮದ್ದು ಉಳಿದಿರುತ್ತದೆ, ಮನೆಗೆ ಬೇಡ ಎನ್ನುತ್ತಿದ್ದರು."

ಅಂದು ಒಂದು ಸಿಗಡಿಯೂ ಮೇವು ಮುಟ್ಟಲಿಲ್ಲ. ತುಂಬಿದ ತಟ್ಟೆ ಎತ್ತಿ ನೋಡಿದ ಹಮ್ಮಣ್ಣ, "ಅಯ್ಯೋ, ಇವಕ್ಕೆ ರೋಗ ಬಂತು! ಎರಡು ಪಾಲು ಮದ್ದು ಹಾಕಬೇಕು," ಎಂದರು.

ತಟ್ಟೆ ಹೆದರುತ್ತಲೇ ಸುದ್ದಿ ತಂದಿತು.

"ಹತ್ತು ಪಾಲು ಹಾಕಲಿ," ಎಂದಿತು ಸಿಗಡಿ. "ನಮ್ಮನ್ನು ತನ್ನ ಮಕ್ಕಳಿಗೆ ಬಡಿಸುವ ಧೈರ್ಯ ಬಂದ ದಿನ ಹೇಳಿ ಕಳಿಸಲಿ. ಆಗ ಬಾಯಿ ತೆರೆಯುತ್ತೇವೆ."