ಹರಳಿನ ಎಲೆ ಅಂಗೈಯಾದದ್ದು

ಭೂಮಿ ಇನ್ನೂ ಹಸಿ ಬಾಣಂತಿಯಾಗಿದ್ದ ಕಾಲ. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು, ಹೊಳೆಗಳು ದಾರಿ ತಿಳಿಯದೆ ಕಂಡಕಂಡಲ್ಲಿ ನುಗ್ಗುತ್ತಿದ್ದವು. ಗಾಳಿಗಂತೂ ಬುದ್ಧಿಯೇ ಬಂದಿರಲಿಲ್ಲ. ಎಳೆ ಮಗು ಮಲಗಿದೆ, ಮೆಲ್ಲಗೆ ಹೋಗೋಣ ಎಂಬುದು ಅದಕ್ಕೆ ಹೊಳೆಯುತ್ತಲೇ ಇರಲಿಲ್ಲ. ಅದು ಬೀಸಿದರೆ ಮಕ್ಕಳ ಕೆನ್ನೆ ಒಡೆದು ರಕ್ತ ಜಿನುಗುತ್ತಿತ್ತು.

ಆಗ ಹೊಂಬಾಳಜ್ಜಿ ಎಂಬ ಮುದುಕಿಯಿದ್ದಳು. ಊರಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ನೀರು ಹಾಕುವವಳು ಅವಳೇ. ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡರೆ ಎಂಥ ಅಳುಬುರುಕ ಮಗುವೂ ಗಪ್‌ಚಿಪ್. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, "ಊರಿನ ಮಕ್ಳೆಲ್ಲ ನನ್ನ ಕೈಮೇಲೇ ಬೆಳ್ದವೆ, ಇನ್ಯಾವ ಮಕ್ಳು ಬೇಕವ್ವ?" ಎಂದು ನಗುತ್ತಿದ್ದಳು.

ಒಡೆದ ಕೆನ್ನೆಗೆ ಏನು ಹಚ್ಚುವುದು ಎಂಬುದೇ ಅವಳ ಚಿಂತೆ. ಗಿಡಗಳನ್ನೆಲ್ಲ ಕೇಳಿಕೊಂಡು ಹೊರಟಳು.

ಅಂಟುವಾಳ, "ನೊರೆ ಕೊಡ್ತೀನಿ ಅಜ್ಜಿ, ಆದ್ರೆ ಕಣ್ಣು ಉರೀತದೆ" ಎಂದಿತು. ಬೇವು, "ಎಣ್ಣೆ ಐತೆ, ಆದ್ರೆ ನನ್ನ ವಾಸ್ನೆ ಮಗೀಗೆ ಆಗಾಕಿಲ್ಲ" ಎಂದಿತು. ಎಳ್ಳು, "ನಂದು ಕಾವು ಜಾಸ್ತಿ. ದೊಡ್ಡೋರಿಗೆ ಸರಿ, ಎಳೇ ನೆತ್ತಿಗೆ ಬ್ಯಾಡ" ಎಂದಿತು.

ಕೊನೆಗೆ ಹರಳು ಗಿಡದ ಬಳಿಗೆ ಬಂದಳು. ಆಗ ಅದರ ಎಲೆ ಈಗಿನಂತಿರಲಿಲ್ಲ. ಹುಲ್ಲಿನ ಹಾಗೆ ಸಣ್ಣಗೆ, ಉದ್ದಕ್ಕೆ ಇತ್ತು. ಕಾಯಿಯೂ ನುಣ್ಣಗಿತ್ತು.

"ನನ್ನ ಎಣ್ಣೆ ತಂಪು ಅಜ್ಜಿ" ಎಂದಿತು ಹರಳು. "ಬೀಜ ಹುರಿದು, ಕುಟ್ಟಿ, ನೀರಲ್ಲಿ ಚೆನ್ನಾಗಿ ಕುದಿಸು. ಮೇಲೆ ತೇಲ್ತದಲ್ಲ, ಅದನ್ನ ಬಸ್ಕೊಂಡು ಮಗೀನ ನೆತ್ತಿಗೆ, ಕೆನ್ನೆಗೆ ಹಚ್ಚು. ಒಂದು ತೊಟ್ಟು ನೆಕ್ಕಿಸಿದ್ರೆ ಹೊಟ್ಟೇನೂ ಹಗುರಾಯ್ತದೆ. ಆದ್ರೆ ಹಸಿ ಬೀಜದಲ್ಲಿ ವಿಷ ಐತೆ. ಬಾಣಂತೀರಿಗೆಲ್ಲ ಮರೀದೆ ಹೇಳ್ಬುಡು."

"ಹೇಳ್ತೀನಿ ಕಣಪ್ಪ" ಎಂದಳು ಅಜ್ಜಿ.

ಎಣ್ಣೆ ಚೆನ್ನಾಗಿ ಬಂತು. ಗಾಳಿ ಎಂದಿನಂತೆ ಧಾವಿಸಿ ಬಂದು ಮಗುವಿನ ಕೆನ್ನೆ ಮುಟ್ಟಿತು, ಜಾರಿತು. "ಇದೇನಜ್ಜಿ, ಹಿಡಿತಾನೇ ಸಿಕ್ತಿಲ್ಲ!" ಎಂದು ಗೊಣಗಿಕೊಂಡು ಹೋಯಿತು. ಊರಿನ ಮಕ್ಕಳೆಲ್ಲ ಮಿರಮಿರ ಮಿಂಚತೊಡಗಿದವು.

ಆದರೆ ವಿಷದ ಮಾತನ್ನು ಅಜ್ಜಿ ಯಾರಿಗೂ ಹೇಳಲಿಲ್ಲ. ಬಾಣಂತಿಯ ಕೋಣೆಯಲ್ಲಿ ಸಾವು, ವಿಷ ಎಂಬ ಮಾತೆತ್ತಬಾರದು ಎಂಬುದು ಆ ಊರಿನ ನೇಮ. ದೀಪ ಆರಿಸು ಎನ್ನಲೂ ಹೆದರಿ, ದೀಪ ದೊಡ್ಡದು ಮಾಡು ಎನ್ನುವ ಜನ ಅವರು. ಅಜ್ಜಿಯೂ ಅವರಲ್ಲೊಬ್ಬಳು. ಪ್ರತಿ ಸಲವೂ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಎಣ್ಣೆ ಕಾಯಿಸುವವಳು ನಾನು, ಅವರಿಗ್ಯಾಕೆ ಬೀಜದ ಉಸಾಬರಿ ಎಂದು ಸಮಾಧಾನ ಮಾಡಿಕೊಂಡಳು.

ಪಕ್ಕದ ಗುಡಿಸಲಿನ ಬೆಳ್ಳವ್ವನಿಗೆ ಚೊಚ್ಚಲ ಹೆಣ್ಣುಮಗು ಹುಟ್ಟಿತು. ಅದೇ ಹೊತ್ತಿಗೆ ಹೊಳೆಯಾಚೆ ಇನ್ನೊಂದು ಹೆರಿಗೆಯಾಯಿತೆಂದು ಅಜ್ಜಿ ಅಲ್ಲಿಗೆ ಹೋದಳು. ಮಳೆ ಹೊಡೆಯಿತು. ಹೊಳೆ ಉಕ್ಕಿತು.

"ದಾರಿ ಬುಡೇ ತಾಯಿ, ಅಲ್ಲೊಂದು ಹಸುಗೂಸು ಐತೆ" ಎಂದು ಅಜ್ಜಿ ಬೇಡಿದಳು.

"ಏನ್ಮಾಡ್ಲಿ ಅಜ್ಜಿ, ನನ್ನ ಕಾಲು ನನ್ನ ಮಾತೇ ಕೇಳ್ತಿಲ್ಲ" ಎಂದಿತು ಹೊಳೆ.

ಇತ್ತ ಬೆಳ್ಳವ್ವನ ಮನೆಯಲ್ಲಿ ಎಣ್ಣೆ ಮುಗಿಯಿತು. ಮಗು ಹೊಟ್ಟೆನೋವಿಗೆ ಕಾಲು ಮಡಚಿಕೊಂಡು ಅಳುತ್ತಿತ್ತು. ಅಜ್ಜಿ ಎಣ್ಣೆ ತೆಗೆಯುವುದು ಹರಳಿನ ಬೀಜದಿಂದ ಎಂಬುದಷ್ಟೇ ಬೆಳ್ಳವ್ವನಿಗೆ ಗೊತ್ತು. ಹಸಿಯದಾದರೆ ಇನ್ನೂ ತಂಪು ಎಂದುಕೊಂಡಳು. ಬೀಜ ತಂದು, ಕಲ್ಲಿನ ಮೇಲೆ ತೇಯ್ದು, ಅಜ್ಜಿ ಮಾಡುವಂತೆಯೇ ಬೆರಳ ತುದಿಯಲ್ಲಿ ನೆಕ್ಕಿಸಿದಳು.

ಹೊಳೆ ಇಳಿದು ಅಜ್ಜಿ ಬರುವ ಹೊತ್ತಿಗೆ ಮಗು ತಣ್ಣಗಾಗಿತ್ತು.

"ನೀನು ಕೊಟ್ಟಂಗೇ ಕೊಟ್ಟೆ ಅಜ್ಜಿ. ಏಳ್ತಾನೇ ಇಲ್ಲ ನೋಡು" ಎಂದಳು ಬೆಳ್ಳವ್ವ. ಅವಳ ಪಕ್ಕದಲ್ಲಿ ಕಲ್ಲಿತ್ತು. ಕಲ್ಲಿನ ಮೇಲೆ ಬೆಳ್ಳಗೆ ಬೀಜದ ಗಂಧ ಒಣಗಿತ್ತು.

ಅಜ್ಜಿಗೆ ಎದೆ ಒಡೆದುಹೋಯಿತು. ಹೊರಗೆ ಜನ ಬರುವ ಸದ್ದಾಯಿತು. ಅವಳು ತಟ್ಟನೆ ಬಗ್ಗಿ, ಸೆರಗಿನಿಂದ ಕಲ್ಲನ್ನು ಒರೆಸಿಬಿಟ್ಟಳು.

ಒರೆಸಿದ್ದನ್ನು ನೋಡಿ ಬೆಳ್ಳವ್ವನಿಗೆ ಅರ್ಥವಾಯಿತು. "ಅಂದ್ರೆ... ನಾನೇನಾ ಅಜ್ಜಿ?"

"ನೀನಲ್ಲ. ಹೇಳ್ಬೇಕಾದೋಳು ನಾನು, ಹೇಳ್ಲಿಲ್ಲ. ಯಾರ ಮುಂದೂ ಬಾಯಿ ಬುಡ್ಬ್ಯಾಡ. ಇದನ್ನ ಹೊತ್ಕೊಂಡು ಬದ್ಕಾಕೆ ನೀನಿನ್ನೂ ಎಳೇವ್ಳು."

ಹಿರಿಯರು ಬಂದು, "ಮಗೀಗೆ ಕೊಟ್ಟಿದ್ದೇನು?" ಎಂದು ಕೇಳಿದರು.

"ನನ್ನ ಎಣ್ಣೇನೇ" ಎಂದಳು ಹೊಂಬಾಳಜ್ಜಿ.

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಅವಳು ಬಂದರೆ ತಾಯಂದಿರು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಅಜ್ಜಿ ಊರು ಬಿಡಲಾರದೆ, ಊರೊಳಗೆ ಇರಲಾರದೆ, ಹಿತ್ತಲಾಚೆ ತಿಪ್ಪೆಯ ಮಗ್ಗುಲಲ್ಲಿ ಹರಳು ಗಿಡದ ಕೆಳಗೆ ಕೂತಳು. ಯಾವ ಮನೆಯಲ್ಲಿ ಮಗು ಅತ್ತರೂ ಅವಳ ಕೈ ತಾನಾಗಿಯೇ ಮುಂದೆ ಚಾಚುತ್ತಿತ್ತು. ಯಾರೂ ಆ ಕೈಗೆ ಮಗುವನ್ನು ಕೊಡಲಿಲ್ಲ.

ಬೆಳ್ಳವ್ವ ಬೆಳಗ್ಗೆ ಕಸ ಚೆಲ್ಲಲು ಬಂದಾಗ ಬುಟ್ಟಿಯ ಮರೆಯಲ್ಲಿ ರೊಟ್ಟಿ ತಂದಿಟ್ಟು, ತಲೆಯೆತ್ತದೆ ಓಡುತ್ತಿದ್ದಳು. "ನೀನು ಉಂಡ್ಯೇನವ್ವ?" ಎಂದು ಅಜ್ಜಿ ಅವಳ ಬೆನ್ನಿಗೆ ಕೂಗಿ ಕೇಳುತ್ತಿದ್ದಳು.

ವರ್ಷಗಳು ಕಳೆದವು. ಅಜ್ಜಿಯ ಕಣ್ಣು ಹೋಯಿತು. ಎಣ್ಣೆ ಕಾಯಿಸುವವರಿಲ್ಲದೆ ಊರಿನ ಮಕ್ಕಳ ಕೆನ್ನೆ ಮತ್ತೆ ಒಡೆಯಿತು. ಬೆಳ್ಳವ್ವನಿಗೆ ಇನ್ನೊಂದು ಮಗುವಾಯಿತು. ಅದರ ನೆತ್ತಿ ಕೆಂಡದಂತೆ ಸುಡುತ್ತಿತ್ತು.

ಆವತ್ತು ಬೆಳ್ಳವ್ವ ಹಾಡಹಗಲೇ, ಎಲ್ಲರ ಕಣ್ಣೆದುರಿಗೇ, ಮಗುವನ್ನೆತ್ತಿಕೊಂಡು ತಿಪ್ಪೆಯ ಕಡೆ ನಡೆದಳು. ಹೆಂಗಸರು ತಡೆಯಲು ಹಿಂದೆ ಓಡಿಬಂದರು.

"ಅಜ್ಜಿ ಕೊಂದಿಲ್ಲ! ಹಸೀ ಬೀಜ ತೇಯ್ದು ಕೊಟ್ಟೋಳು ನಾನು! ನನ್ನ ಉಳ್ಸಾಕೆ ಅಜ್ಜಿ ತನ್ನ ಮೇಲೆ ಹಾಕ್ಕೊಂಡ್ಲು!" ಎಂದು ಕೂಗಿ, ಚಾಚಿದ ಕೈಗಳ ಮೇಲೆ ಮಗುವನ್ನು ಇಟ್ಟಳು.

ಅಜ್ಜಿ ಮಗುವನ್ನು ಮೆಲ್ಲಗೆ ಮಡಿಲಿಗಿಳಿಸಿಕೊಂಡಳು. "ಯಾರ ಮಗು?"

"ನಂದೇ ಅಜ್ಜಿ."

ಬೆರಳು ನೆತ್ತಿಗೆ ಹೋಯಿತು. "ಹಳೇ ಮಾತು ಈಗ್ಯಾಕವ್ವ. ನೆತ್ತಿ ಕಾದದೆ. ಬೇಗ ಎಣ್ಣೆ ತಾ."

ಎಣ್ಣೆ ಯಾರ ಮನೆಯಲ್ಲಿತ್ತು? ಹೆಂಗಸರು ಮುಖ ಮುಖ ನೋಡಿಕೊಂಡರು. ಅಂಗೈ ಹಿಡಿದು ಕಾದ ಅಜ್ಜಿಗೆ ಅದು ಅರ್ಥವಾಯಿತು. ಹುರಿಯುವುದು, ಕುಟ್ಟುವುದು, ಕುದಿಸುವುದು ಎಲ್ಲ ಹೇಳಿಕೊಟ್ಟಳು. ಆಮೇಲೆ ಹಸುಗೂಸಿನ ತಲೆಯ ಮೇಲೇ ಗಟ್ಟಿಯಾಗಿ ಹೇಳಿದಳು: "ಹಸಿ ಬೀಜದಲ್ಲಿ ವಿಷ ಐತೆ. ಕೇಳಿಸ್ತಾ? ವಿಷ."

ಹೆಂಗಸರು ಓಡಿಹೋಗಿ ಒಲೆ ಹಚ್ಚಿದರು. ಎಣ್ಣೆ ನಿಧಾನಕ್ಕೆ ತೇಲುವಂಥದ್ದು, ಅವಸರಕ್ಕೆ ಬರುವುದಿಲ್ಲ. ಬೆಚ್ಚಗಿನ ಎಣ್ಣೆಯ ಚಿಪ್ಪು ಹಿಡಿದು ಬಂದಾಗ ಮಗು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿತ್ತು. ಅಜ್ಜಿ ಗಿಡಕ್ಕೆ ಒರಗಿಕೊಂಡೇ ಪ್ರಾಣ ಬಿಟ್ಟಿದ್ದಳು.

ಬಿಡಿಸಿದ ಬೆರಳುಗಳನ್ನು ಮಡಿಸಲು ನೋಡಿದರು. ಮಡಿಯಲಿಲ್ಲ. ಬೆಳ್ಳವ್ವ ಆ ಅಂಗೈಗೇ ಎಣ್ಣೆ ಸುರಿದಳು. ಆ ಕೈಯನ್ನು ತಾನೇ ಹಿಡಿದು, ಮಗುವಿನ ನೆತ್ತಿಗೆ ಒತ್ತಿದಳು. ಎಲ್ಲರೂ ಬಿಕ್ಕಿ ಬಿಕ್ಕಿ ಅತ್ತರು.

ಅಜ್ಜಿಯನ್ನು ಅಲ್ಲೇ ಮಣ್ಣು ಮಾಡಿದರು. ಹರಳು ಗಿಡ ಭೂಮಿಯನ್ನು ಕೇಳಿತು: "ತಾಯೀ, ಎಲ್ಲಾನೂ ಮಣ್ಣು ಮಾಡ್ಕೋ. ಆ ಕೈ ಮಾತ್ರ ನಂಗೆ ಕೊಡು. ನನ್ನ ಕಾಯಿಗೆ ಮುಳ್ಳೂ ಕೊಡು. ಹಸೀದನ್ನ ಕೀಳಾಕೆ ಬಂದೋರು ಒಂದು ಗಳಿಗೆ ನಿಲ್ಲಲಿ."

ಬಾಣಂತಿ ಭೂಮಿ ಕಣ್ಣೊರೆಸಿಕೊಂಡು, ಆಗಲಿ ಎಂದಳು.

ಅದಕ್ಕೇ ಮಗೂ, ಹರಳಿನ ಕಾಯಿಗೆ ಮೈತುಂಬ ಮುಳ್ಳು. ಅದಕ್ಕೇ ಹಿತ್ತಲಾಚೆ ತಿಪ್ಪೆಯ ಮಗ್ಗುಲಲ್ಲಿ ನಿಂತ ಆ ಗಿಡದ ಒಂದೊಂದು ಎಲೆಯೂ ಇವತ್ತಿಗೂ ಬೆರಳು ಬಿಡಿಸಿದ ಅಂಗೈಯಾಗಿ, ಯಾರಾದರೂ ಒಂದು ಮಗುವನ್ನು ಕೊಟ್ಟಾರೇನೋ ಎಂದು ಚಾಚಿಕೊಂಡೇ ಇರುತ್ತದೆ.