ಅಂಬಿಗನ ಬೆನ್ನು

"ಗುರುಗಳೇ, ಹೊಸ ಆಟಗಾರನನ್ನು ಬಂದ ಕೂಡಲೇ ಅಂಕಣಕ್ಕೆ ಇಳಿಸಬೇಕೋ, ಒಂದು ವರ್ಷ ಹೊರಗೆ ಕೂರಿಸಿ ಆಟ ನೋಡು ಎನ್ನಬೇಕೋ?"

ಕೇಳಿದವನು ಚೆಲುವರಾಜು. ಊರಿನ ಕಬಡ್ಡಿ ತಂಡವನ್ನು ತಯಾರು ಮಾಡುವವನು ಅವನೇ. ಅವನಿಗೆ ಆಟ ಕಲಿಸಿದವರು ಪುಟ್ಟಮಾದಯ್ಯ. ಈಗ ಅವರಿಗೆ ವಯಸ್ಸಾಗಿತ್ತು, ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಆದರೆ ಬಾಯಿಗೆ ವಯಸ್ಸಾಗಿರಲಿಲ್ಲ.

ತಂಡದ ಮುಖ್ಯ ದಾಳಿಗಾರನ ಮಂಡಿಗೆ ಪೆಟ್ಟಾಗಿತ್ತು. ಭಾನುವಾರ ದೊಡ್ಡ ಪಂದ್ಯ. ಅವನ ಜಾಗಕ್ಕೆ ಇದ್ದವನು ಶಿವನಂಜನೊಬ್ಬನೇ. ಹತ್ತೊಂಬತ್ತು ವರ್ಷದವನು, ಒಳ್ಳೆ ಕಾಲು, ತಂಡಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಊರಿನಲ್ಲಿ ಎರಡು ಪಕ್ಷವಾಗಿದೆ ಗುರುಗಳೇ. ಅರ್ಧ ಜನ ನೀರಿಗಿಳಿಯದೆ ಈಜು ಬರುತ್ತದೆಯೇ ಎನ್ನುತ್ತಾರೆ. ಉಳಿದವರು ತಾಳಿದವನು ಬಾಳಿಯಾನು ಎನ್ನುತ್ತಾರೆ. ಇಳಿಸಿ ಸೋತರೆ ಹುಡುಗ ಮತ್ತೆ ತಲೆ ಎತ್ತುವುದಿಲ್ಲ. ಕೂರಿಸಿದರೆ ಬೇಜಾರಾಗಿ ಆಟವನ್ನೇ ಬಿಡುತ್ತಾನೆ. ನನಗಂತೂ ತಲೆ ಕೆಟ್ಟುಹೋಗಿದೆ."

"ನಿನ್ನ ತಲೆ ಕೆಟ್ಟರೆ ಕೆಡಲಿ, ನನ್ನದನ್ನೂ ಯಾಕೆ ಕೆಡಿಸಲು ಬಂದೆ?" ಎಂದರು ಗುರುಗಳು. "ನಲವತ್ತು ವರ್ಷದಿಂದ ಇದೊಂದೇ ಪ್ರಶ್ನೆ. ಇಳಿಸಲೋ, ಕೂರಿಸಲೋ. ಕೇಳಿ ಕೇಳಿ ಸಾಕಾಗಿದೆ ಕಣೋ. ಗಾದೆ ಹೇಳುವವರಿಗೇನು, ಕೂತಲ್ಲೇ ಹೇಳಬಹುದು. ಬಾ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಹೊಳೆ. ಅದರ ದಡದಲ್ಲಿ ಒಬ್ಬ ಅಂಬಿಗ. ಹರಿಗೋಲು ಹಾಕುವುದು ಅವನ ಕಸುಬು. ಹರಿಗೋಲು ಎಂದರೆ ಬುಟ್ಟಿಯಂತೆ ದುಂಡಗಿನದು, ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಅಂಬಿಗ ಎತ್ತ ಕೂತು ಹುಟ್ಟು ಹಾಕುತ್ತಾನೋ ಅದೇ ಮುಂದು. ಹುಟ್ಟು ಹಿಡಿದವನು ಅಂಚಿನಲ್ಲಿ ಕೂತು ನೀರನ್ನು ತನ್ನತ್ತ ಎಳೆಯುತ್ತಾನೆ. ಉಳಿದವರೆಲ್ಲ ಅವನ ಹಿಂದೆ ಕೂರುತ್ತಾರೆ.

ಅಂಬಿಗನಿಗೆ ತೋಳು ನೋವು ಶುರುವಾಯಿತು. ತನ್ನ ಕಸುಬನ್ನು ಯಾರಿಗಾದರೂ ಕಲಿಸಬೇಕು ಎಂದುಕೊಂಡ. ಒಬ್ಬ ಬಂದ. ಗಟ್ಟಿ ಆಳು. ಅಂಬಿಗ ಅವನ ಭುಜ ಮುಟ್ಟಿ ನೋಡಿದ, ಅಂದೇ ಕೈಗೆ ಹುಟ್ಟು ಕೊಟ್ಟ. ತಾನು ಹೋಗಿ ಹೊಂಗೆ ಮರದ ನೆರಳಿನಲ್ಲಿ ಎಲೆ ಅಡಿಕೆ ಹಾಕುತ್ತ ಕೂತ. ನಾನೂ ಹೀಗೇ ಕಲಿತವನು ಎಂದು ಅಲ್ಲಿದ್ದವರಿಗೆಲ್ಲ ಹೇಳಿದ.

ಎರಡು ಸಲ ದಾಟಿದ್ದಾಯಿತು. ಮೂರನೆಯ ಸಲ ನಡುಹೊಳೆಯ ಬಂಡೆಯ ಹತ್ತಿರ ಹರಿಗೋಲು ಗಿರಗಿರನೆ ತಿರುಗಿತು. ಆಳು ಇನ್ನಷ್ಟು ಜೋರಾಗಿ ಎಳೆದ. ಜೋರು ಮಾಡಿದಷ್ಟೂ ಅದು ಇನ್ನಷ್ಟು ತಿರುಗಿತು. ಮಗುಚಿಕೊಂಡಿತು. ಜನ ಹೇಗೋ ಈಜಿ ದಡ ಸೇರಿದರು, ಒಬ್ಬ ವ್ಯಾಪಾರಿಯ ನಾಲ್ಕು ಕುರಿ ಕೊಚ್ಚಿಕೊಂಡು ಹೋದವು.

ಅಂಬಿಗ ಎದ್ದು ಬಂದು ಎಲ್ಲರೆದುರು ಅವನಿಗೆ ಛೀಮಾರಿ ಹಾಕಿದ. ಅವನು ಹುಟ್ಟು ಕೆಳಗಿಟ್ಟು ಹೊರಟುಹೋದ. ಆಮೇಲೆ ಹೊಳೆಯಲ್ಲಿ ಕಾಲು ತೊಳೆಯುವುದಕ್ಕೂ ಇಳಿಯಲಿಲ್ಲವಂತೆ. ಅಂಥ ಭುಜ, ಒಂದು ಮಧ್ಯಾಹ್ನಕ್ಕೆ ಹಾಳಾಯಿತು.

"ಅಂದರೆ ಕೂರಿಸುವುದೇ ಸರಿ ಎಂದಾಯಿತು," ಎಂದ ಚೆಲುವರಾಜು.

"ಬಾಯಿ ಹಾಕಬೇಡ ಎಂದೆನಲ್ಲ," ಎಂದರು ಗುರುಗಳು.

ಅಂಬಿಗನಿಗೂ ಹಾಗೇ ಅನಿಸಿತು. ನಿನ್ನ ಥರದವನೇ ಅವನು. ಇನ್ನೊಬ್ಬ ಬಂದಾಗ ಹುಟ್ಟು ಮುಟ್ಟಬೇಡ ಎಂದ. ಹಿಂದೆ ಕೂತುಕೋ, ತಳಕ್ಕೆ ಬಂದ ನೀರನ್ನು ಕರಟದಲ್ಲಿ ಹೊರಗೆ ಚೆಲ್ಲು, ನಾನು ಮಾಡುವುದನ್ನು ನೋಡು. ನೋಡಿ ಕಲಿ ಎಂದ. ಇವನು ವಿಧೇಯ. ಮೂರು ವರ್ಷ ನೀರು ಚೆಲ್ಲಿದ, ಮೂರು ವರ್ಷ ನೋಡಿದ. ಅಂಬಿಗ ಎಲ್ಲಿ ಎಡಕ್ಕೆ ವಾಲುತ್ತಾನೆ, ಎಲ್ಲಿ ಬಲಕ್ಕೆ, ಬಂಡೆ ದಾಟಲು ಎಷ್ಟು ಸಲ ಎಳೆಯುತ್ತಾನೆ, ಎಲ್ಲವನ್ನೂ ಲೆಕ್ಕ ಇಟ್ಟುಕೊಂಡ. ಬಂಡೆಯ ಹತ್ತಿರ ಬಲಕ್ಕೆ ಹದಿನಾಲ್ಕು ಎಳೆತ. ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ. ಊರವರೂ ಹೊಗಳಿದರು, ಕಲಿತರೆ ಹೀಗೆ ಕಲಿಯಬೇಕು ಎಂದರು.

ನಾಲ್ಕನೆಯ ಮಳೆಗಾಲ. ಅಂಬಿಗ ಜ್ವರದಲ್ಲಿ ಮಲಗಿದ್ದ. ದಿನ ತುಂಬಿದ ಹೆಂಗಸೊಬ್ಬಳಿಗೆ ನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಹೆಂಗಸಿನ ತಾಯಿ ಅವಳನ್ನು ನಡೆಸಿಕೊಂಡು ಬಂದಳು. "ನೀನು ದಾಟಿಸುತ್ತೀಯಾ ಮಗ?" ಎಂದು ಕೇಳಿದಳು. ಅವನು ಹೂಂ ಎಂದ. ಅವನಿಗೆ ಅನುಮಾನವೇ ಇರಲಿಲ್ಲ, ಮೂರು ವರ್ಷ ನೋಡಿದ್ದನಲ್ಲ.

ಬಂಡೆಯವರೆಗೆ ಎಲ್ಲ ಸರಿಯಾಯಿತು. ಬಲಕ್ಕೆ ಹದಿನಾಲ್ಕು ಎಳೆದ. ಆದರೆ ಅಂದು ನೀರು ಒಂದು ಮೊಳ ಏರಿತ್ತು. ಹದಿನಾಲ್ಕಕ್ಕೆ ಹರಿಗೋಲು ಬಂಡೆ ದಾಟಿರಲಿಲ್ಲ. ಹದಿನೈದನೆಯದು ಏನು ಎಂದು ಅವನಿಗೆ ಗೊತ್ತಿರಲಿಲ್ಲ. ಕೈ ನಿಂತಿತು. ಹೊಳೆ ನಿಲ್ಲಲಿಲ್ಲ. ಹರಿಗೋಲನ್ನು ಎಳೆದುಕೊಂಡು ಹೋಗಿ ಅರ್ಧ ಹರದಾರಿ ಕೆಳಗೆ ಒಂದು ಮರಳು ದಿಬ್ಬಕ್ಕೆ ಹಾಕಿತು. ಹೆಂಗಸು ಅಲ್ಲೇ ಹೆತ್ತಳು. ತಾಯಿ ತನ್ನ ಸೀರೆಯಲ್ಲಿ ಮಗುವನ್ನು ಸುತ್ತಿದಳು. ಹೆತ್ತವಳು ಉಳಿದಳು, ಮಗು ಉಳಿಯಲಿಲ್ಲ.

ಸುದ್ದಿ ಕೇಳಿ ಅಂಬಿಗ ಕಂಬಳಿ ಹೊದ್ದುಕೊಂಡೇ ಹೊಳೆದಡಕ್ಕೆ ಬಂದ. ನಿಲ್ಲಲೂ ತ್ರಾಣವಿರಲಿಲ್ಲ, ಸಿಟ್ಟು ಮಾತ್ರ ಇತ್ತು. "ಮೂರು ವರ್ಷ ಇದೇ ಹರಿಗೋಲಿನಲ್ಲಿ ಕೂತೆಯಲ್ಲೋ, ಏನು ಕಲಿತೆ?" ಎಂದ.

ಅವನು ತಲೆ ಎತ್ತಲಿಲ್ಲ. "ಮೂರು ವರ್ಷ ನನಗೆ ಕಂಡದ್ದು ನಿಮ್ಮ ಬೆನ್ನು. ಹೊಳೆ ಅದರ ಆಚೆಗಿತ್ತು," ಎಂದ.

ಅಂಬಿಗ ಅಲ್ಲೇ ಮರಳಿನ ಮೇಲೆ ಕುಸಿದು ಕೂತ. ಇಬ್ಬರು ಬಂದಿದ್ದರು, ಇಬ್ಬರೂ ಒಳ್ಳೆಯವರು. ಇಬ್ಬರನ್ನೂ ಕಳೆದುಕೊಂಡಿದ್ದ. ಆ ಹೊಳೆಗೆ ಮತ್ತೆ ಅಂಬಿಗ ಸಿಗಲಿಲ್ಲ. ಜನ ಎಂಟು ಮೈಲಿ ಸುತ್ತಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡರು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಕತೆ ಮುಗಿಯಿತೆಂದು ಚೆಲುವರಾಜುವಿಗೆ ನಂಬಿಕೆ ಬರಲಿಲ್ಲ.

"ಗುರುಗಳೇ, ತಪ್ಪು ತಿಳಿಯಬೇಡಿ. ಇಳಿಸಿದವನೂ ಕೆಟ್ಟ, ಕೂರಿಸಿದವನೂ ಕೆಟ್ಟ. ಈಗ ನಾನು ಶಿವನಂಜನನ್ನು ಏನು ಮಾಡಲಿ? ಇರುವುದು ಮೂರೇ ದಿನ."

ಪುಟ್ಟಮಾದಯ್ಯ ಹಣೆ ಚಚ್ಚಿಕೊಂಡರು. ರಾಮಾಯಣವೆಲ್ಲ ಕೇಳಿ ರಾಮನಿಗೂ ಸೀತೆಗೂ ಏನು ಸಂಬಂಧ ಎಂದನಂತೆ ನಿನ್ನ ಹಾಗಿನವನೊಬ್ಬ, ಎಂದು ಗೊಣಗಿದರು. ಆಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ಅಂಗಳದತ್ತ ಕಣ್ಣು ಹಾಯಿಸಿದರು. ದನಿ ತಗ್ಗಿತು.

"ಇದು ಅಭ್ಯಾಸದ ಹೊತ್ತಲ್ಲವೇನೋ, ಆ ಹುಡುಗನ ಜೊತೆ ಅಂಕಣದಲ್ಲಿ ಈಗ ಯಾರಿದ್ದಾರೆ?"

ಚೆಲುವರಾಜು ದಡಬಡನೆ ಎದ್ದು ಅಂಕಣದ ಕಡೆ ಹೊರಟ.